ಜದ್ದಾಫಿನಲ್ಲಿ ಒಣಗುತ್ತಿದ್ದ ದೋಣಿ

ಆಗಿನ್ನೂ ದುಬೈಯಲ್ಲಿ ವಾರದ ರಜೆ ಶುಕ್ರವಾರವೇ. ಕರಾಮದ ನಮ್ಮ ಕಟ್ಟಡದ ಮಕ್ಕಳೆಲ್ಲ ಅವತ್ತು ಹತ್ತು ಗಂಟೆಯವರೆಗೆ ಮಲಗಿರುತ್ತಿದ್ದರು. ನಾನು ಮಾತ್ರ ಐದೂವರೆಗೇ ಎದ್ದು, ಬಣ್ಣದ ಕಲೆಯಾದ ಹಳೆ ಪ್ಯಾಂಟು ತೊಟ್ಟು, ಅಪ್ಪಯ್ಯನ ಜೊತೆ ಪಿಕಪ್ ಹತ್ತುತ್ತಿದ್ದೆ. ನಾನಾಗ ಹನ್ನೊಂದು ವರ್ಷದ ಹುಡುಗಿ. ಉದ್ದಿನ ದೋಸೆ, ಕೆಂಪು ಚಟ್ನಿಯ ಡಬ್ಬಿ ಮಡಿಲಲ್ಲಿ ಬೆಚ್ಚಗಿರುತ್ತಿತ್ತು. ಆ ಹೊತ್ತಿಗೇ ಕಿಟಕಿಯ ಗಾಜು ಬೆವರುವಷ್ಟು ಸೆಕೆ.

ಅಪ್ಪಯ್ಯ ಗಂಗೊಳ್ಳಿಯವರು. ಅವರ ಅಪ್ಪ ಮೀನಿನ ದೋಣಿ ಕಟ್ಟುತ್ತಿದ್ದ ಆಚಾರಿ. ಅಪ್ಪಯ್ಯನೂ ಮರದ ಕೆಲಸವನ್ನೇ ಕಲಿತವರು. ಆದರೆ ದುಬೈಗೆ ಬಂದಮೇಲೆ ಸಿಕ್ಕಿದ್ದು ಫೈಬರ್ ದೋಣಿ ರಿಪೇರಿಯ ಕೆಲಸ. ಜದ್ದಾಫಿನಲ್ಲಿ, ಊರೊಳಗೆ ಚಾಚಿದ ಸಮುದ್ರದ ಖಾಡಿಯ ದಡದ ಒಂದು ಬೋಟ್ ಯಾರ್ಡಿನಲ್ಲಿ. ಬೇಸಿಗೆ ಬಂತೆಂದರೆ ಪಂದ್ಯದ ಹಾಯಿದೋಣಿಗಳನ್ನೆಲ್ಲ ಕ್ರೇನಿನಲ್ಲಿ ನೀರಿನಿಂದೆತ್ತಿ, ಕಬ್ಬಿಣದ ಕಾಲುಗಳ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಮಾಲೀಕರು ಬಿಸಿಲಿಗೆ ಹೆದರಿ ಊರು ಬಿಡುತ್ತಿದ್ದರು. ಆ ಎರಡು ಮೂರು ತಿಂಗಳು ದೋಣಿಗಳೆಲ್ಲ ಅಪ್ಪಯ್ಯನವು ಎಂದೇ ನಾನು ತಿಳಿದಿದ್ದೆ.

ಅಲ್ಲಿಯವರೆಗೆ ದೋಣಿಯೆಂದರೆ ನಾನು ನೋಡಿದ್ದು ಅದರ ಮೇಲಿನ ಅರ್ಧವನ್ನಷ್ಟೇ. ಯಾರ್ಡಿನಲ್ಲಿ ಕೆಳಗಿನ ಅರ್ಧ ಕಾಣುತ್ತಿತ್ತು. ಒಂದು ಹೊಸ ಪಂದ್ಯದ ದೋಣಿಯಿತ್ತು. ಕಪ್ಪು ಕಾರ್ಬನ್ನಿನದು. ಹೊಟ್ಟೆಯಡಿ ಚೂರಿಯಂಥ ತೆಳ್ಳಗಿನ ರೆಕ್ಕೆ, ಆ ರೆಕ್ಕೆಯ ತುದಿಗೆ ದೋಣಿ ಮಗುಚದಂತೆ ಸೀಸದ ದೊಡ್ಡ ಗುಂಡು. ಮೈ ಎಷ್ಟು ನುಣುಪೆಂದರೆ ಅದರಲ್ಲಿ ನನ್ನ ಹಲ್ಲಿನ ಸಂದಿಯೂ ಕಾಣುತ್ತಿತ್ತು. ಅದರಾಚೆ, ಗೋಡೆಯ ಮಗ್ಗುಲಲ್ಲಿ, ಒಂದು ಹಳೆಯ ಮರದ ದೋಣಿ. ಅದೂ ತನ್ನ ಕಾಲದಲ್ಲಿ ಪಂದ್ಯ ಗೆದ್ದದ್ದೇ. ಅಂಜಲ್ ಮೀನಿನ ಹಾಗೆ ಮೂತಿಯಿಂದ ಬಾಲದವರೆಗೆ ಒಂದೇ ಬಾಗು, ಎಲ್ಲಿಯೂ ಮುರಿಯದ ಬಾಗು. ಹಿಂಬದಿಯಲ್ಲಿದ್ದ ಇಂಗ್ಲಿಷ್ ಹೆಸರನ್ನು ಅಪ್ಪಯ್ಯ ಒಮ್ಮೆಯೂ ಸರಿಯಾಗಿ ಹೇಳಲಿಲ್ಲ. "ಅಜ್ಜಿ" ಎನ್ನುತ್ತಿದ್ದರು.

ಅಜ್ಜಿಯ ಮಾಲೀಕರು ಆ ವರ್ಷದ ಮೊದಲಲ್ಲಿ ತೀರಿಕೊಂಡಿದ್ದರು. ಅವರ ಹೆಂಡತಿ ಹೆಲೆನ್ ಮೇಡಂ, ಎಪ್ಪತ್ತರ ಹತ್ತಿರದವರು. ಗಂಡನ ಹೆಸರಿನ ಮೇಲಿದ್ದ ವೀಸಾ ಮುಗಿಯುತ್ತಾ ಬಂದಿದ್ದರಿಂದ ಸೆಪ್ಟೆಂಬರಿನಲ್ಲಿ ತಮ್ಮ ದೇಶಕ್ಕೆ ಮರಳಬೇಕಿತ್ತು. ಅಬುಧಾಬಿಯ ಒಬ್ಬರು ದೋಣಿ ಕೊಳ್ಳಲು ಒಪ್ಪಿದ್ದರು. ಆದರೆ ನೀರಲ್ಲಿ ತೇಲುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಅವರು ಒಯ್ಯುವುದು. ಬಿಸಿಲಿಗೆ ಹಲಗೆಗಳು ಒಣಗಿ ಸಂದು ಬಿಡತೊಡಗಿದ್ದವು. ಯಾರ್ಡಿನ ಮ್ಯಾನೇಜರು ನೋಡಿ, "ಇದು ಖಲಾಸ್. ಗರಗಸ ಹಾಕಿ ತುಂಡು ಮಾಡುವುದೇ ಸರಿ" ಎಂದುಬಿಟ್ಟರು.

ಅಪ್ಪಯ್ಯ ಮುಂದೆ ಬಂದು, ರಜೆಯ ದಿನ ಬಂದು ತಾನು ಸರಿ ಮಾಡುತ್ತೇನೆ ಎಂದರು. ಕಂಪೆನಿಯ ಕೆಲಸವೇನಿದ್ದರೂ ಕಪ್ಪು ದೋಣಿಯದ್ದು. ಅಜ್ಜಿಯ ಕೆಲಸ ಶುಕ್ರವಾರ ಮಾತ್ರ. ಅದಕ್ಕೇ ನಾನೂ ಹೋದದ್ದು. ಅಮ್ಮ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿದ್ದಳು, ಶುಕ್ರವಾರ ಅವಳಿಗೆ ರಜೆಯಿರಲಿಲ್ಲ.

ನನಗೆ ಎರಡು ಕೆಲಸ. ಹಲಗೆಗಳ ಮೇಲೆ ಹೊದಿಸಿದ ಗೋಣಿಗೆ ಅರ್ಧ ಗಂಟೆಗೊಮ್ಮೆ ಪೈಪಿನಿಂದ ನೀರು ಬಿಡುವುದು, ಸಂದಿಗೆ ತುಂಬುವ ಹತ್ತಿಯನ್ನು ಹೊಸೆಯುವುದು. ಹೊಸೆಯುವುದು ನನಗೆ ಬರುತ್ತಿತ್ತು. ದೇವರ ದೀಪದ ಬತ್ತಿಯನ್ನು ಅಮ್ಮ ನನ್ನಿಂದಲೇ ಮಾಡಿಸುತ್ತಿದ್ದಳು. ಇಲ್ಲಿ ಬತ್ತಿ ಮೊಳದುದ್ದ ಬೇಕು, ಅಷ್ಟೇ. ಅಪ್ಪಯ್ಯ ಅದನ್ನು ಸಂದಿಗಿಟ್ಟು, ಮೊಂಡು ಉಳಿ ಹಿಡಿದು, ಮರದ ಸುತ್ತಿಗೆಯಿಂದ ಬಡಿಯುತ್ತಿದ್ದರು. ಟೊಕ್, ಟೊಕ್, ಟೊಕ್. ಸದ್ದು ಗಟ್ಟಿಯಾಯಿತೆಂದರೆ ಸಂದಿ ತುಂಬಿತು. ರೆಸಿನ್ನಿನ ಘಾಟು, ಸಾಗುವಾನಿ ಪುಡಿಯ ಪರಿಮಳ, ಪಕ್ಕದ ದೋಣಿಗಳಿಗೆ ಅಂಟಿ ಸತ್ತ ಚಿಪ್ಪುಗಳ ವಾಸನೆ. ಮಧ್ಯಾಹ್ನ ಏಸಿ ಹಾಕಿದ ಕಂಟೇನರಿನೊಳಗೆ ಕುಳಿತು ದೋಸೆ ತಿಂದು, ತಣ್ಣಗಿನ ಲಬಾನ್ ಮಜ್ಜಿಗೆ ಕುಡಿಯುತ್ತಿದ್ದೆವು. ಮನೆಯಲ್ಲಿ ಹೆಚ್ಚು ಮಾತಾಡದ ಅಪ್ಪಯ್ಯ ಅಲ್ಲಿ ಬಾಯ್ತುಂಬ ಮಾತಾಡುತ್ತಿದ್ದರು.

ಆಗಸ್ಟಿನ ಒಂದು ಶುಕ್ರವಾರ ಆ ತಪ್ಪು ನಡೆಯಿತು. ಅಜ್ಜಿಯ ಎಡಮಗ್ಗುಲಿನ ಹಳೆ ಬಣ್ಣವನ್ನು ಅಪ್ಪಯ್ಯ ಪೂರಾ ಕೆರೆದಿದ್ದರು. ಮರ ಬರಿಮೈಯಾಗಿತ್ತು. ಅವರು ಹಲಗೆ ಕೊಯ್ಯಲು ಶೆಡ್ಡಿಗೆ ಹೋಗುವಾಗ ಹೇಳಿದರು: "ಗೋಣಿ ಒಣಗುಕೆ ಬಿಡ್ಬೇಡ ಮಗಾ. ಗಾಳಿ ಇತ್ತ್ ಇವತ್ತ್."

"ಓಕೆ ಅಪ್ಪಯ್ಯ."

ಆದರೆ ಅವತ್ತು ಕಪ್ಪು ದೋಣಿಯ ಹೊದಿಕೆ ತೆಗೆದಿದ್ದರು. ಹೊಸದಾಗಿ ಉಜ್ಜಿದ ಮೈ ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಗಳಿಗೆ ನೋಡಿ ಬರೋಣವೆಂದು ಹೋದೆ. ಅದರಡಿ ಕೂತು, ನೆರಳಿನಲ್ಲಿ, ಆ ರೆಕ್ಕೆಯ ಅಂಚಿನ ಮೇಲೆ ಬೆರಳಾಡಿಸಿದೆ. ಇದು ನೀರನ್ನು ಹೇಗೆ ಸೀಳಿಕೊಂಡು ಹೋಗಬಹುದು ಎಂದು ಕಣ್ಣುಮುಚ್ಚಿ ಯೋಚಿಸಿದೆ. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಗೋಡೆಯ ಕಡೆಯಿಂದ ಟಪ್ ಎಂದು ಸದ್ದು ಕೇಳಿತು. ಓಡಿಹೋಗಿ ನೋಡಿದರೆ ಗಾಳಿಗೆ ಗೋಣಿಗಳು ಕೆಳಗೆ ಬಿದ್ದಿದ್ದವು. ಬರಿಮೈಯ ಹಲಗೆಯ ಮೇಲೆ ಮೊಳದುದ್ದದ ಬಿರುಕು.

ಅಪ್ಪಯ್ಯ ಬಂದರು. ಬಿರುಕಿನ ಮೇಲೆ ಅಂಗೈ ಆಡಿಸಿದರು. ನಾನು ಬೈಗುಳಕ್ಕೆ ಕಾಯುತ್ತಾ ನಿಂತೆ. ಅವರು ಬೈಯಲಿಲ್ಲ.

"ಮರ ಅಂದ್ರೆ ಸತ್ತದ್ದಲ್ಲ ಮಗಾ," ಎಂದರು. "ಅದ್ಕೂ ಬಾಯಾರ್ಕಿ ಆತ್ತ್. ನೀರ್ ಹಾಕ್, ಬಾ."

ಅಳು ತಡೆಯಲಾಗಲಿಲ್ಲ. ಅಷ್ಟು ಹೊತ್ತಿಗೆ ಹೆಲೆನ್ ಮೇಡಂ ಟ್ಯಾಕ್ಸಿಯಿಂದ ಇಳಿದು ಬಂದರು. ಪ್ರತಿ ಶುಕ್ರವಾರ ಬಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ದೋಣಿಯ ನೆರಳಿನಲ್ಲಿ ಕೂರುವುದು ಅವರ ರೂಢಿ. ಅಪ್ಪಯ್ಯ ತಮ್ಮ ಹರಕು ಇಂಗ್ಲಿಷಿನಲ್ಲಿ, ಬಿಸಿಲಿಗೆ ಹಲಗೆ ಬಿರಿದಿದೆ ಎಂದರು. ನನ್ನ ಹೆಸರೆತ್ತಲಿಲ್ಲ. ನಾನೇ ಮುಂದೆ ಹೋಗಿ, ತಪ್ಪು ನನ್ನದು, ನಾನು ಆ ಕಪ್ಪು ದೋಣಿ ನೋಡುತ್ತಾ ನೀರು ಹಾಕುವುದನ್ನು ಮರೆತೆ ಎಂದೆ.

ಅವರು ಬಿರುಕನ್ನೂ ನನ್ನನ್ನೂ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: "ನನ್ನ ಗಂಡ ಒಮ್ಮೆ ಇದನ್ನು ಮರಳ ದಿಬ್ಬಕ್ಕೆ ಏರಿಸಿಬಿಟ್ಟಿದ್ದ. ನೀರು ಏರುವವರೆಗೆ ಆರು ಗಂಟೆ ಅಲ್ಲೇ ಕೂತೆವು. ತಪ್ಪು ನಕಾಶೆಯದ್ದು ಎಂದು ಸಾಯುವವರೆಗೂ ಹೇಳುತ್ತಿದ್ದ. ನೀನು ಅವನಿಗಿಂತ ವಾಸಿ." ನಗುತ್ತಲೇ ಹೇಳಿದರೂ ಅವರ ಕಣ್ಣು ತುಂಬಿತ್ತು. "ಇದು ನೀರಿಗಿಳಿಯುವ ದಿನ ನೀನು ನನ್ನ ಪಕ್ಕದಲ್ಲಿ ನಿಲ್ಲಬೇಕು. ಬರುತ್ತೀಯಲ್ಲ?"

ನಾನು ಅವರ ಕೈ ಹಿಡಿದು ಮಾತು ಕೊಟ್ಟೆ.

ಮುಂದಿನ ಮೂರು ಶುಕ್ರವಾರ ನಾನು ಅಜ್ಜಿಯ ಪಕ್ಕದಿಂದ ಅಲುಗಲಿಲ್ಲ. ಅಪ್ಪಯ್ಯ ಬಿರಿದ ಭಾಗವನ್ನು ಕತ್ತರಿಸಿ ತೆಗೆದು, ಸಾಗುವಾನಿಯ ಹೊಸ ತುಂಡನ್ನು ಅದೇ ಬಾಗಿಗೆ ಕೆತ್ತಿ ಕೂರಿಸಿದರು. ಹದಿನೇಳು ಸಲ ಇಟ್ಟು ತೆಗೆದರು, ನಾನು ಎಣಿಸಿದ್ದೇನೆ. ಕಡೆಗೆ ಕಣ್ಣುಮುಚ್ಚಿ ಕೈಯಾಡಿಸಿದರೆ ಎಲ್ಲಿ ಹಳೆಯದು ಮುಗಿದು ಹೊಸದು ಶುರುವಾಯಿತೆಂದು ಗೊತ್ತಾಗುತ್ತಿರಲಿಲ್ಲ. ಅದರ ಮೇಲೆ ಬಣ್ಣದ ಮೊದಲ ಕೈಯನ್ನು ನನ್ನಿಂದಲೇ ಬಳಿಸಿದರು.

ನೀರಿಗಿಳಿಸುವ ದಿನ ಗೊತ್ತಾಯಿತು. ಸೆಪ್ಟೆಂಬರಿನ ಒಂದು ಭಾನುವಾರ. ಇಲ್ಲಿ ಆಗ ಭಾನುವಾರವೆಂದರೆ ವಾರದ ಮೊದಲ ಕೆಲಸದ ದಿನ. ಶಾಲೆ ಶುರುವಾಗಿತ್ತು, ಅವತ್ತೇ ಗಣಿತದ ಟೆಸ್ಟು.

"ಬೋಟ್ ಕಾಂಬುಕೆ ಯಾರಾದ್ರೂ ಪರೀಕ್ಷೆ ಬಿಡ್ತ್ರಾ ಹೆಣೆ?" ಎಂದಳು ಅಮ್ಮ.

"ಐ ಪ್ರಾಮಿಸ್ಡ್ ಹರ್, ಅಮ್ಮ!"

"ಆತಿಲ್ಲೆ ಅಂದ್ರೆ ಆತಿಲ್ಲೆ."

ನಾನು ಅಪ್ಪಯ್ಯನ ಮುಖ ನೋಡಿದೆ. ಅವರೊಂದು ಮಾತು ಆಡಿದ್ದರೆ ಅಮ್ಮ ಒಪ್ಪುತ್ತಿದ್ದಳು. ಅವರು ತಟ್ಟೆ ನೋಡಿಕೊಂಡು ಊಟ ಮಾಡಿದರು. ಓದು ತಪ್ಪಿ ಸಣ್ಣಂದಿನಲ್ಲೇ ಉಳಿ ಹಿಡಿದವರು, ಮಗಳಿಗೆ ಪರೀಕ್ಷೆ ಬಿಡು ಎನ್ನಲು ಅವರಿಗೆ ಧೈರ್ಯ ಬರಲಿಲ್ಲ ಎಂಬುದು ನನಗೆ ಈಗ ಅರ್ಥವಾಗುತ್ತದೆ. ಆಗ ಅರ್ಥವಾಗಲಿಲ್ಲ.

ಆ ಭಾನುವಾರ ನಾನು ಶಾಲೆಗೇ ಹೋದೆ. ಸಂಜೆ ಅಪ್ಪಯ್ಯ ಎದೆಮಟ್ಟ ಒದ್ದೆಯಾಗಿ, ಚಪ್ಪಲಿಯ ತುಂಬ ಕೆಸರು ಮಾಡಿಕೊಂಡು ಬಂದರು. ಅಷ್ಟು ಹಿಗ್ಗಿದ್ದ ಅವರ ಮುಖವನ್ನು ನಾನು ಮೊದಲು ಕಂಡಿರಲಿಲ್ಲ. ಬಟ್ಟೆಯನ್ನೂ ಬದಲಿಸದೆ ನೇರ ನನ್ನ ಹತ್ತಿರ ಬಂದರು.

"ಮಗಾ, ಕೇಣ್ ಇಲ್ಲಿ. ಅಜ್ಜಿ ನೀರಿಗಿಳಿವತ್ತಿಗೆ..."

ನಾನು ಗೋಡೆಯ ಕಡೆ ತಿರುಗಿ ದಿಂಬನ್ನು ಕಿವಿಗೆ ಒತ್ತಿಕೊಂಡೆ. ಅವರ ಬಟ್ಟೆಯಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು. "ನಾಳೆ ಹೇಳ್ತೆ, ಆಯ್ತಾ?" ಎಂದು ಹೋದರು. ಮರುದಿನವೂ ನಾನು ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಆಮೇಲೆ ಅವರು ಹೇಳಲು ಬರಲಿಲ್ಲ.

ಉಳಿದದ್ದು ನನಗೆ ಅಮ್ಮನಿಂದ ತಿಳಿಯಿತು. ಮೊದಲ ದಿನ ಪಂಪು ಇಟ್ಟು ನೀರು ಹೊರಹಾಕಿದರಂತೆ. ಹಲಗೆಗಳು ನೀರು ಕುಡಿದು ಉಬ್ಬಿ, ಮೂರನೇ ದಿನ ಸೋರುವುದು ನಿಂತಿತಂತೆ. ಆ ವಾರವೇ ಅಬುಧಾಬಿಯವರು ದೋಣಿಯನ್ನು ಒಯ್ದರು. ಹೆಲೆನ್ ಮೇಡಂ ವಿಮಾನ ಹತ್ತುವ ಮುನ್ನ ಅಪ್ಪಯ್ಯನಿಗೆ ಫೋನ್ ಮಾಡಿ, ನನ್ನನ್ನು ಕೇಳಿದರಂತೆ.

ಎರಡು ವರ್ಷದ ನಂತರ ಶಾಲೆಯಿಂದ ಅಬುಧಾಬಿಗೆ ಕರೆದೊಯ್ದಿದ್ದರು. ಕಡಲ ದಂಡೆಯ ಕಾರ್ನಿಷ್ ರಸ್ತೆಯ ಕಟ್ಟೆಯ ಮೇಲೆ ಎಲ್ಲರೂ ಐಸ್‌ಕ್ರೀಮ್ ತಿನ್ನುತ್ತಿದ್ದಾಗ ದೂರದಲ್ಲಿ ಹಾಯಿದೋಣಿಗಳ ಪಂದ್ಯ ಕಾಣಿಸಿತು. ಇಪ್ಪತ್ತೋ ಮೂವತ್ತೋ ಬಿಳಿ ಹಾಯಿಗಳು. ಕಣ್ಣು ಕಿರಿದು ಮಾಡಿ ಒಂದೊಂದನ್ನೇ ಹುಡುಕಿದೆ. ಅಜ್ಜಿ ಅದರಲ್ಲಿ ಇದ್ದಿರಬಹುದು, ಇಲ್ಲದಿರಬಹುದು. ಇದ್ದರೂ ನನಗೆ ಗುರುತು ಹತ್ತುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಅದರ ಹೊಟ್ಟೆ, ಅದರ ಸಂದಿಗಳು, ನೀರೊಳಗೆ ಮುಳುಗಿ ಯಾರಿಗೂ ಕಾಣದ ಭಾಗ. ಹಾಯಿ ಬಿಚ್ಚಿ ಅದು ಓಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಈಗ ಆ ಯಾರ್ಡು ಅಲ್ಲಿಲ್ಲ. ಬೇಲಿ ಹಾಕಿ, ಕಟ್ಟಡ ಎಬ್ಬಿಸಿದ್ದಾರೆ. ಅಪ್ಪಯ್ಯ ರಾಸ್ ಅಲ್ ಖೋರಿನ ಒಂದು ವರ್ಕ್‌ಶಾಪಿನಲ್ಲಿ ಫೈಬರಿನ ನೀರಿನ ಟ್ಯಾಂಕು ಮಾಡುತ್ತಾರೆ. ಎಲ್ಲ ಒಂದೇ ಅಚ್ಚಿನವು, ಕೈಯಾಡಿಸಿ ನೋಡುವಂಥದ್ದೇನೂ ಅದರಲ್ಲಿಲ್ಲ. ಮನೆಗೆ ಬಂದರೆ ಮೊದಲಿನಂತೆಯೇ ಮಾತು ಕಡಿಮೆ. ನಾನು ಸಿಲಿಕಾನ್ ಓಯಸಿಸ್‌ನಲ್ಲಿ ಕೆಲಸಕ್ಕಿದ್ದೇನೆ. ಈಗ ಶುಕ್ರವಾರವೂ ಕೆಲಸದ ದಿನವೇ, ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವಾಗ ಒಮ್ಮೊಮ್ಮೆ ಬೆರಳುಗಳು ಹತ್ತಿಯನ್ನು ಹುಡುಕುತ್ತವೆ. ಬಾಯ್ತುಂಬ ಮಾತಾಡುತ್ತಿದ್ದ ಆ ಅಪ್ಪಯ್ಯ ನನಗೆ ಸಿಕ್ಕಿದ್ದು ಒಟ್ಟು ಹತ್ತು ಶುಕ್ರವಾರ.

ಕಳೆದ ತಿಂಗಳು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಜದ್ದಾಫಿನ ಮೇಲಿಂದ ಬರುತ್ತಿದ್ದೆ. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿಯೇಬಿಟ್ಟೆ.

"ಅಪ್ಪಯ್ಯ, ಅವತ್ತ್ ಅಜ್ಜಿ ನೀರಿಗಿಳಿವತ್ತಿಗೆ ಹ್ಯಾಂಗಿತ್ತ್? ನೀವ್ ಹೇಳುಕೆ ಬಂದಿದ್ರಿ ಅಲ್ದಾ?"

ಅವರು ಕಿಟಕಿಯಾಚೆ, ಮೊದಲು ಯಾರ್ಡಿದ್ದ ಕಡೆ ನೋಡಿದರು.

"ಎಷ್ಟ್ ಬೋಟ್ ಇಳ್ಸಿದ್ವೋ ಏನೋ ಮಗಾ," ಎಂದರು. "ಎಲ್ಲ ಮರ್ತ್ ಹೋಯ್ತ್. ನೀ ಅವತ್ತ್ ಮಾತಾಡ್ಲಿಲ್ಲೆ, ಅದೊಂದ್ ಈಗ್ಳೂ ನೆನಪಿತ್ತ್."