ಗೊಂಬೆ ಮೇಷ್ಟ್ರ ಕೋಣೆ

ಮುನಿರಾಮಯ್ಯ ಮೇಷ್ಟ್ರು ಚನ್ನಪಟ್ಟಣದ ನಮ್ಮ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕೈಕೆಲಸ ಕಲಿಸಿದರು. ಮರದ ತುಂಡನ್ನು ಲೇತಿಗೆ ಕಟ್ಟಿ, ತಿರುಗುತ್ತಿರುವಾಗಲೇ ಅದಕ್ಕೆ ಬಣ್ಣದ ಅರಗು ಹಿಡಿದು ಗೊಂಬೆ ಮಾಡುವುದು ಅವರ ವಿಷಯ. ಅವರ ಪಕ್ಕದ ಮನೆ ನಮ್ಮದು. ನಾನು ಅದೇ ಶಾಲೆಯನ್ನು ಹತ್ತನೇ ತರಗತಿಯ ನಡುವೆ ಬಿಟ್ಟವಳು. ಇಲ್ಲಿರುವುದನ್ನೆಲ್ಲ ಅವರಿಂದ ಎರಡೆರಡು ಸಲ ಕೇಳಿ ಬರೆದಿದ್ದೇನೆ. ಕಡೆಯಲ್ಲಿ ನಡೆದದ್ದನ್ನು ಈಗ ಅಲ್ಲಿ ಕಲಿಸುವ ನವ್ಯಶ್ರೀ ಮಿಸ್ ಅವರ ಹತ್ತಿರವೂ ಕೇಳಿ ಸರಿಮಾಡಿಕೊಂಡಿದ್ದೇನೆ.

ಮೇಷ್ಟ್ರು ಆ ಶಾಲೆಯಲ್ಲೇ ಓದಿದವರು. ಆಗ ಕೈಕೆಲಸಕ್ಕೂ ಪರೀಕ್ಷೆಯಿತ್ತು, ಅಂಕವಿತ್ತು. ಅದರಲ್ಲಿ ಇವರೇ ಮೊದಲು. ಮೇಷ್ಟ್ರಾಗಿ ತಿರುಗಿ ಬರುವ ಹೊತ್ತಿಗೆ ಅಂಕ ಹೋಗಿ ಬರೀ ಗ್ರೇಡ್ ಉಳಿದಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ. ಡಿಸೆಂಬರ್ ಬಂತೆಂದರೆ ಗಣಿತದ ಬಾಲರಾಜು ಮೇಷ್ಟ್ರು ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಮುನಿರಾಮಣ್ಣ, ಒಸಿ ನಿಮ್ ಪಿರಿಯಡ್ ಕೊಡಿ. ಸಿಲಬಸ್ ಮುಗ್ದಿಲ್ಲ."

"ತಗೊಳ್ಳಪ್ಪ. ನಾವಿಲ್ಲಿ ಬುಗುರಿ ತಿರುಗುಸ್ಕೊಂಡು ಕೂತಿರೋರು."

ಫಲಿತಾಂಶದ ದಿನ ಮಕ್ಕಳ ತಂದೆತಾಯಿ ಪೇಡೆ ಹಿಡಿದು ಬಾಲರಾಜು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಎದುರಿಗಿದ್ದಾರಲ್ಲ ಎಂದು ಇವರಿಗೂ ಒಂದು ಕೊಡುತ್ತಿದ್ದರು. ಆ ಪೇಡೆ ಎರಡು ದಿನ ಗಂಟಲಲ್ಲೇ ಇರುತ್ತಿತ್ತು ಎಂದು ಮೇಷ್ಟ್ರು ಹೇಳುತ್ತಾರೆ.

ಆಮೇಲೆ ಕಂಪ್ಯೂಟರ್ ಬಂತು. ಮೇಷ್ಟ್ರ ಕೋಣೆಯ ನಡುವೆ ಪ್ಲೈವುಡ್ ಗೋಡೆ ನಿಂತಿತು. ಅತ್ತ ಹತ್ತು ಕಂಪ್ಯೂಟರ್, ಇತ್ತ ಒಂದು ಲೇತು. ಮರದ ಹೊಟ್ಟು ಯಂತ್ರದೊಳಗೆ ಹೋಗುತ್ತದೆಂದು, ಮೂರೂವರೆಯ ಮೇಲೆಯೇ ಲೇತು ಹಾಕಬೇಕೆಂದು ಹೇಳಿದರು. ಇಂಗ್ಲಿಷ್ ಮೀಡಿಯಂ ಶುರುವಾದಾಗ ಆ ಮಕ್ಕಳಿಗೆ ಕೈಕೆಲಸವೇ ಇರಲಿಲ್ಲ. ಮುಂದೆ ಪಾಠದ ಕ್ರಮ ಮತ್ತೆ ಬದಲಾಗಿ, ಎಲ್ಲ ವಿಷಯಕ್ಕೂ ಮಕ್ಕಳೇ ಏನಾದರೂ ಮಾಡಿ ಫೈಲಿನಲ್ಲಿ ಇಡಬೇಕೆಂದಾಯಿತು. ತಮ್ಮ ಕಾಲ ಬಂತು ಎಂದುಕೊಂಡರು ಮೇಷ್ಟ್ರು. ಮಕ್ಕಳು ಮೈಸೂರು ರಸ್ತೆಯ ಅಂಗಡಿಯಿಂದ ಗೊಂಬೆ ಕೊಂಡು ತಂದು, ಬೆಲೆಯ ಚೀಟಿ ಕಿತ್ತು, ರಟ್ಟಿಗೆ ಅಂಟಿಸಿಕೊಂಡು ಬಂದರು. ಇವರು ರುಜು ಹಾಕಿದರು.

ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಅದು ಅವರಿಗೆ ಒಳಗೊಳಗೆ ಸಮಾಧಾನವೇ ಆಗಿತ್ತು. ಕಂಪ್ಯೂಟರುಗಳು ಕೆಟ್ಟು ಕೋಣೆಗೆ ಬೀಗ ಬಿದ್ದರೂ ಊರವರ ಬಾಯಲ್ಲಿ ಅದು ಗೊಂಬೆ ಮೇಷ್ಟ್ರ ಕೋಣೆಯೇ.

ಹೋದ ವರ್ಷ ಆ ಬೀಗ ತೆಗೆದರು. ಒಂಬತ್ತನೇ ತರಗತಿಗೆ ಕಸುಬಿನ ವಿಷಯ ಹೊಸದಾಗಿ ಬಂದಿತ್ತು. ಕಲಿಸಲು ಬಂದ ನವ್ಯಶ್ರೀ ಮಾಗಡಿ ಕಡೆಯವರು. ವಯಸ್ಸು ಇಪ್ಪತ್ತಾರು. ಡಿಪ್ಲೊಮಾ ಓದಿ, ಆರು ವಾರ ಗೊಂಬೆ ಕೆಲಸದ ತರಬೇತಿ ಪಡೆದಿದ್ದರು. ಪ್ಲೈವುಡ್ ಗೋಡೆ ಕಿತ್ತು ನಾಲ್ಕು ಮೋಟಾರಿನ ಲೇತು ಇಟ್ಟರು. ಈ ವಿಷಯಕ್ಕೆ ಪೂರ್ತಿ ಅಂಕ ಇತ್ತು. ಮೂವತ್ತೊಂದು ವರ್ಷ ಮೇಷ್ಟ್ರು ಅರ್ಜಿ ಬರೆದು ಕೇಳಿದ್ದೆಲ್ಲ ಆ ಹುಡುಗಿ ಬರುವ ಮೊದಲೇ ಸಿದ್ಧವಾಗಿತ್ತು.

ಸುಮ್ಮನೆ ನೋಡಿ ಬರೋಣ ಎಂದು ಮೇಷ್ಟ್ರು ಒಂದು ದಿನ ಹೋದರು. ಮಕ್ಕಳು ಮಿಸ್ ಸುತ್ತ ಮುತ್ತಿಕೊಂಡಿದ್ದರು. ಇವರಾರೆಂದು ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಿಸ್‌ಗೆ ಹೆಡ್‌ಮೇಷ್ಟ್ರು ಹೇಳಿದ್ದರು.

"ಸಾರ್, ಮರಳವಾಡಿಯಿಂದ ಗೊಂಬೆಗೆ ಹಾಲೆ ಮರ ತರ್ಸಿದ್ದೀನಿ," ಎಂದರು ನವ್ಯಶ್ರೀ. "ಹೆಂಗಿದೆ, ಒಸಿ ನೋಡಿ ಹೇಳಿ."

ಮೇಷ್ಟ್ರು ಒಂದು ತುಂಡನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು. ತಣ್ಣಗಿತ್ತು. ಒಣಗಿದ ಹಾಲೆ ಮರ ಕೆನ್ನೆಗೆ ತಣ್ಣಗಿರುವುದಿಲ್ಲ. ಹಸಿ ಮರಕ್ಕೆ ಅರಗು ಹಿಡಿದರೆ ಆ ಹೊತ್ತಿಗೆ ಕನ್ನಡಿಯಂತೆ ಹೊಳೆಯುತ್ತದೆ. ಎರಡು ಮೂರು ವಾರದಲ್ಲಿ ಮರ ಕುಗ್ಗಿ, ಸೀಳಿ, ಬಣ್ಣ ಏಳುತ್ತದೆ.

"ಚೆನ್ನಾಗೈತೆ," ಎಂದು ಹೇಳಿ ತುಂಡನ್ನು ಕೆಳಗಿಟ್ಟರು.

ಮನೆಯಲ್ಲಿ ಹೆಂಡತಿ ಗಂಗಲಕ್ಷ್ಮಮ್ಮ ಕೇಳಿದರು: "ಹೆಂಗವ್ಳೆ ಆ ಹುಡುಗಿ?"

"ಅವ್ಳೆ. ಮರ ಹಸಿ ಅನ್ನೋದೂ ಗೊತ್ತಿಲ್ಲ."

"ನೀವು ಹೇಳ್ಬೇಕಿತ್ತು."

"ಬಿದ್ದೆದ್ದು ಕಲೀಲಿ. ನಂಗ್ಯಾರು ಹೇಳ್ಕೊಟ್ಟಿದ್ರು?"

"ನಿಮ್ಮಪ್ಪ ಹೇಳ್ಕೊಟ್ಟಿದ್ದ," ಎಂದು ಅವರು ಒಳಗೆ ಹೋದರು.

ಮೂರು ವಾರ ಕಳೆದು ರಾಮನಗರದಿಂದ ಅಧಿಕಾರಿ ಬಂದರು. ಮಕ್ಕಳ ಕೆಲಸ ಚೆನ್ನಾಗಿದ್ದರೆ ವಿಷಯ ಇನ್ನೆರಡು ವರ್ಷ ಇರುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಹಳೆಯ ಮೇಷ್ಟ್ರೆಂದು ಇವರನ್ನೂ ಕರೆಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಮೇಜಿನ ಮೇಲೆ ಮಕ್ಕಳು ಮಾಡಿದ ಬುಗುರಿ, ಗಿಲಕಿ, ಕುಂಕುಮದ ಭರಣಿಗಳಿದ್ದವು. ಅರ್ಧಕ್ಕರ್ಧ ಸೀಳಿದ್ದವು. ಅಧಿಕಾರಿ ಒಂದು ಬುಗುರಿ ಎತ್ತಿಕೊಂಡಾಗ ಕೆಂಪು ಬಣ್ಣ ಮೊಟ್ಟೆಯ ಸಿಪ್ಪೆಯ ಹಾಗೆ ಕಳಚಿ ಅವರ ಅಂಗೈಗೆ ಬಿತ್ತು.

"ಏನು ನೋಡಿ ಮುಂದುವರಿಸಿ ಅಂತ ಬರೀಲಿ?" ಎಂದರು ಅಧಿಕಾರಿ.

ಹೆಡ್‌ಮೇಷ್ಟ್ರು ಹನುಮಂತಯ್ಯ ಮೆಲ್ಲಗೆ, "ಬೇಡ ಅಂದ್ರೆ ಈ ರೂಮು ಸ್ಮಾರ್ಟ್ ಕ್ಲಾಸಿಗಾಯ್ತದೆ ಮೇಡಂ," ಎಂದರು.

"ಮರ ಹಸಿ ಇದ್ದಿರ್ಬೇಕು," ಎಂದರು ನವ್ಯಶ್ರೀ. "ನನಗೆ ಗೊತ್ತಾಗ್ಲಿಲ್ಲ. ಮಕ್ಕಳ ತಪ್ಪಲ್ಲ ಮೇಡಂ."

ಆ ಮಾತು ಕೇಳಿ ಒಂದು ಗಳಿಗೆ ಹಿತವಾಯಿತು ಎಂದು ಮೇಷ್ಟ್ರು ನನಗೆ ಹೇಳಿದರು. ಇದನ್ನು ಬರೆಯಲೇ ಎಂದು ಕೇಳಿದೆ. ಬರಿ ಎಂದರು. ಆ ಗಳಿಗೆ ಕಳೆದ ಮೇಲೆ ಅವರ ಕಣ್ಣು ಕೋಣೆಯ ಕಿಟಕಿಗಳ ಕಡೆ ಹೋಗಿತ್ತಂತೆ. ಸ್ಮಾರ್ಟ್ ಕ್ಲಾಸಾದರೆ ಕಿಟಕಿಗಳಿಗೆ ಪರದೆ ಬೀಳುತ್ತದೆ, ಲೇತುಗಳು ಗುಜರಿಗೆ ಹೋಗುತ್ತವೆ. ಮತ್ತೆ ಯಾರೂ ಇದನ್ನು ಗೊಂಬೆ ಮೇಷ್ಟ್ರ ಕೋಣೆ ಎನ್ನುವುದಿಲ್ಲ.

ಅವರು ಎದ್ದು ನಿಂತರು. "ಮರ ಹಸಿ ಅಂತ ನಂಗೊತ್ತಿತ್ತು. ಈ ಯಮ್ಮ ಕೇಳುದ್ಲು. ಚೆನ್ನಾಗೈತೆ ಅಂದ್ಬುಟ್ಟೆ."

"ಯಾಕೆ?"

"ಹೊಟ್ಟೆಕಿಚ್ಚು ಮೇಡಂ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿ ನಗಲಿಲ್ಲ. ಮರ ಒಣಗಲು ಎಷ್ಟು ದಿನ ಬೇಕೆಂದು ಕೇಳಿದರು. ಇನ್ನು ಎರಡು ತಿಂಗಳು, ಮಾಡಿದ್ದು ಸೀಳದೆ ನಿಲ್ಲುತ್ತದೋ ನೋಡಲು ಮತ್ತೊಂದು ಎಂದರು ಮೇಷ್ಟ್ರು. ಹಾಗಾದರೆ ಮೂರು ತಿಂಗಳ ಮೇಲೆ ಬರುತ್ತೇನೆ, ಇದೇ ಮಕ್ಕಳ ಕೈಯಲ್ಲಿ ಮಾಡಿಸಿ ತೋರಿಸಿ, ಹೊಣೆ ನಿಮ್ಮಿಬ್ಬರದು ಎಂದು ಹೇಳಿ ಅವರು ಹೋದರು.

ನವ್ಯಶ್ರೀ ಹದಿನೈದು ದಿನ ಮೇಷ್ಟ್ರನ್ನು ಮಾತಾಡಿಸಲಿಲ್ಲ. ಆದರೂ ಮೇಷ್ಟ್ರು ಬರುತ್ತಿದ್ದರು, ಉಳಿದ ಮರವನ್ನು ನೆರಳಲ್ಲಿ ಮಗುಚಿ ಹಾಕಿ ಹೋಗುತ್ತಿದ್ದರು. ಮಕ್ಕಳು ಅವರ ಮುಂದೆಯೇ, "ಮಿಸ್, ತಾತ ಉಳಿ ಹಿಂಗೆ ಹಿಡ್ಕೊ ಅಂತಾರೆ, ಹಿಡ್ಕೊಳ್ಳಾ?" ಎಂದು ಮಿಸ್ ಅನ್ನು ಕೇಳುತ್ತಿದ್ದರು. ಒಂದು ದಿನ ಮಿಸ್ ತಲೆ ಎತ್ತದೆ ಹೇಳಿದರು: "ಅವರು ಹೇಳ್ದಂಗೆ ಹಿಡ್ಕೊ."

ಫೆಬ್ರವರಿಯಲ್ಲಿ ಅಧಿಕಾರಿ ಮತ್ತೆ ಬಂದರು. ಒಂದು ಬುಗುರಿಯೂ ಸೀಳಿರಲಿಲ್ಲ. ವಿಷಯ ಎರಡು ವರ್ಷ ಮುಂದುವರಿಯಿತು. ಆದೇಶದಲ್ಲಿ ಶಿಕ್ಷಕಿ ನವ್ಯಶ್ರೀ ಎಂದಷ್ಟೇ ಇತ್ತು. ಮೇಷ್ಟ್ರು ಅದನ್ನು ಆಫೀಸಿನಲ್ಲಿ ನಿಂತು ಎರಡು ಸಲ ಓದಿದರು.

"ಒಂದ್ ಲೈನು ಬರೀಬೋದಾಗಿತ್ತು," ಎಂದರು ನನ್ನ ಹತ್ತಿರ.

ಈಗ ಮುಂದಿನ ವರ್ಷದ ಮರ ಬಂದು ಜಗಲಿಯಲ್ಲಿ ಒಣಗುತ್ತಿದೆ. ತಂದ ತಾರೀಖನ್ನು ಪ್ರತಿ ತುಂಡಿನ ತುದಿಗೂ ಬರೆಯಬೇಕೆಂದು ಮಿಸ್ ಹೇಳಿದ್ದಾರೆ. ಮೇಷ್ಟ್ರು ಪೆನ್ಸಿಲಿನಲ್ಲಿ ತಾರೀಖು ಬರೆದು, ಅದರ ಕೆಳಗೆ ಸಣ್ಣದಾಗಿ 'ಮು' ಎಂದೂ ಬರೆದಿದ್ದಾರೆ. ಲೇತಿಗೆ ಕಟ್ಟಿದರೆ ಉಳಿಗೆ ಸಿಕ್ಕಿ ಮೊದಲು ಉದುರಿ ಹೋಗುವುದು ಆ ತುದಿಯೇ. ಅದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮಿಸ್ ನೋಡಿದ್ದಾರೆ, ಅಳಿಸಿ ಎಂದಿಲ್ಲ. ನಾನು ಹೋಗಿ ಎಲ್ಲ ತುಂಡುಗಳನ್ನೂ ನೋಡಿಬಂದೆ. ಒಂದನ್ನೂ ಬಿಟ್ಟಿಲ್ಲ.