ಬೀಟಿಯ ಗೋಡೆ, ಮೈಸಿಯ ಬಳ್ಳಿ

ಪೋರ್ಟ್‌ಗಾರಿಯಲ್ಲಿ ಆ ಮಲ್ಲಿಗೆ ಬಳ್ಳಿ ಎಲ್ಲಿದೆ ಎಂದು ಯಾರನ್ನು ಕೇಳಿದರೂ "ಟ್ಯಾಮ್ ಬೀಟಿಯ ಗೋಡೆ ಮೇಲೆ" ಎನ್ನುತ್ತಿದ್ದರು. ನೆಟ್ಟವಳು ಮೈಸಿ ಡಾರ್ವರ್ಡ್. ಇಪ್ಪತ್ತೆರಡು ವರ್ಷ ಅದಕ್ಕೆ ನೀರು ಹೊಯ್ದು, ಕಟ್ಟಿ, ಸವರಿದವಳೂ ಅವಳೇ. ಹೆಸರು ಮಾತ್ರ ಬೀಟಿಯದು. ಊರಿಗೆ ಇದರಲ್ಲಿ ಅನ್ಯಾಯವೇನೂ ಕಾಣುತ್ತಿರಲಿಲ್ಲ. ಬೀಟಿಯದು ಮೀನಿಗೆ ಹೊಗೆ ಹಾಕುವ ಕಲ್ಲಿನ ಕಟ್ಟಡ. ಅದರ ದಕ್ಷಿಣದ ಗೋಡೆ ಮೈಸಿಯ ಹಿತ್ತಿಲಿಗೆ ಮುಖ ಮಾಡಿ ನಿಂತಿತ್ತು. ಒಳಗೆ ಕಟ್ಟಿಗೆಯ ಕೆಂಡ, ಹೊರಗೆ ಬಳ್ಳಿ. ಸ್ಕಾಟ್ಲೆಂಡಿನ ಈ ಮೂಡಣ ಕರಾವಳಿಯ ಗಾಳಿಗೆ ಮನುಷ್ಯರೇ ಮುದುಡಿ ನಡೆಯುವಾಗ, ವರ್ಷವಿಡೀ ಎಲೆ ಉದುರಿಸದೆ ನಿಲ್ಲುವ ಬೆಚ್ಚನೆಯ ನಾಡಿನ ಬಳ್ಳಿಯೊಂದು ಬದುಕಿದೆ ಎಂದರೆ ಅದು ಬೀಟಿಯ ಬೆಂಕಿಯ ಪುಣ್ಯವಲ್ಲದೆ ಮತ್ತೇನು?

ಮೈಸಿ ಡಂಡೀಗೆ ಹೋಗಿಬರುವ ಬಸ್ಸು ಓಡಿಸುತ್ತಿದ್ದಳು. ಮೊದಲ ದಿನ ಚಕ್ರ ಹಿಡಿದಾಗ, ಗುಡ್ಡದ ರಸ್ತೆ ಹೆಂಗಸರ ಕೆಲಸವಲ್ಲ ಎಂದು ಬಂದರಿನ ಗಂಡಸರು ನಕ್ಕಿದ್ದರು. ಇಪ್ಪತ್ತಾರು ವರ್ಷ ಅವರನ್ನೂ ಅವರ ಮಕ್ಕಳನ್ನೂ ಹಿಮದಲ್ಲಿ ಹತ್ತಿಸಿ ಇಳಿಸಿದಳು. ಯಾರ ನಗೆಗೂ ಸೊಪ್ಪು ಹಾಕಿದವಳಲ್ಲ. ಆಗಲ್ಲ ಎಂದರೆ ಸಾಕು, ಅವಳ ದವಡೆ ಬಿಗಿಯುತ್ತಿತ್ತು.

ಬಳ್ಳಿ ಬಂದದ್ದೂ ಹಾಗೆಯೇ. ಡಂಡೀಯ ಸಸ್ಯದಂಗಡಿಯೊಂದರ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿತ್ತು, ನಕ್ಷತ್ರ ಮಲ್ಲಿಗೆ. ಅಸಲಿಗೆ ಅದು ಮಲ್ಲಿಗೆಯ ಕುಲವೂ ಅಲ್ಲ, ಪರಿಮಳ ಮಾತ್ರ ಅದರದೇ. ಅಂಗಡಿಯವನು ಚೀಟಿ ಓದಿ ತಲೆಯಾಡಿಸಿದ.

"ನಿಮ್ಮ ಕಡೆ ಇದು ಬದುಕಲ್ಲಮ್ಮ. ಸುಮ್ಮನೆ ತಗೊಂಡು ಹೋಗಿ ಸಾಯಿಸ್ತೀರಿ."

"ನೋಡೋಣ," ಎಂದಳು ಮೈಸಿ. ಬಸ್ಸು ಹತ್ತಿ ಕುಂಡವನ್ನು ತನ್ನ ಸೀಟಿನ ಪಕ್ಕ ಇಟ್ಟುಕೊಂಡಳು.

ಮೂರನೆಯ ಚಳಿಗಾಲದಲ್ಲಿ ಅರ್ಧ ಬಳ್ಳಿ ಹೋಯಿತು. ಹೋದದ್ದೇಕೆ ಎಂದು ಅವಳು ತಲೆ ಕೆಡಿಸಿಕೊಂಡಳು. ಸತ್ತದ್ದೆಲ್ಲ ಮೂಡಣ ದಿಕ್ಕಿನ ಅರ್ಧ. ಹೆಪ್ಪುಗಟ್ಟಿದ ಎಲೆಯ ಮೇಲೆ ಎಳೆಬಿಸಿಲು ಬಿದ್ದರೆ ಎಲೆ ಸುಡುತ್ತದೆ. ನೆಲ ಗಡ್ಡೆಕಟ್ಟಿ ಬೇರಿಗೆ ನೀರು ಸಿಗದಿರುವಾಗ ಕಡಲಗಾಳಿ ಇದ್ದ ಪಸೆಯನ್ನೂ ಹೀರಿಕೊಂಡು ಹೋಗುತ್ತದೆ. ಅಂದಿನಿಂದ ನವೆಂಬರ್ ಬಂತೆಂದರೆ ಹಳೆಯ ಮೀನುಬಲೆಯನ್ನು ಎರಡು ಮಡಿಕೆ ಮಾಡಿ ಮೂಡಣಕ್ಕೆ ಕಟ್ಟುತ್ತಿದ್ದಳು. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣಿಗೆ ಒಡೆದ ಹೆಂಚಿನ ಚೂರು ಸೇರಿಸಿದಳು. ಬೇರಿನ ಮೇಲೆ ಒಣಗಿದ ಜರೀಗಿಡದ ಹೊದಿಕೆ. ಇದೆಲ್ಲ ಮಾಡಿದ್ದೂ ಅವಳೇ, ಹೊಗಳಿಕೆ ಹೋದದ್ದು ಬೀಟಿಗೆ.

ಬರೀ ಮಾತಿನ ಹೊಗಳಿಕೆಯೂ ಅಲ್ಲ. ಆಗಸ್ಟಿನ ಹೂವಿನ ಪ್ರದರ್ಶನದಲ್ಲಿ ಅವಳ ಗೊಂಚಲಿನ ಮುಂದಿನ ಚೀಟಿಯಲ್ಲಿ 'ಬಳ್ಳಿ: ಮೈಸಿ ಡಾರ್ವರ್ಡ್. ಬಿಸಿ: ಟ್ಯಾಮ್ ಬೀಟಿ' ಎಂದು ತಾನೇ ಬರೆಯುತ್ತಿದ್ದಳು. ಹೊಸ ವರ್ಷದ ದಿನ ಅವನ ಮನೆಗೆ ಒಂದು ಬಾಟಲಿ ವಿಸ್ಕಿ ಕೊಂಡೊಯ್ಯುತ್ತಿದ್ದಳು. ಋಣ ಇಟ್ಟುಕೊಳ್ಳುವ ಜಾಯಮಾನ ಅವಳದಲ್ಲ.

ಕಳೆದ ಅಕ್ಟೋಬರಿನಲ್ಲಿ ಬೀಟಿ ಬೇಲಿಯ ಹತ್ತಿರ ಬಂದು ನಿಂತ. ವಯಸ್ಸು ಎಪ್ಪತ್ತನಾಲ್ಕು, ಮಂಡಿ ಎರಡೂ ಕೈಕೊಟ್ಟಿದ್ದವು.

"ಶುಕ್ರವಾರ ಕೊನೇ ಬೆಂಕಿ, ಮೈಸಿ. ಕಟ್ಟಡ ಮಾರಿಬಿಟ್ಟೆ. ಬಳ್ಳಿ ಕಿತ್ತು ಕುಂಡಕ್ಕೆ ಹಾಕ್ಕೊ. ಕಿಟಕಿ ಹತ್ರ ಇಟ್ರೆ ಹೇಗೋ ಜೀವ ಹಿಡ್ಕೊಂಡಿರತ್ತೆ."

"ಇಪ್ಪತ್ತೆರಡು ವರ್ಷದ ಬೇರು ಕಣೋ. ಕುಂಡದಲ್ಲಿ ಹಿಡಿಯೋಕೆ ಅದೇನು ಪುದೀನಾನಾ?"

"ಕಿತ್ತರೆ ಸಾಯಬಹುದು. ಬಿಟ್ಟರೆ ಸಾಯೋದೇ. ನನ್ನ ಬೆಂಕಿ ಇಲ್ದೆ ಅದು ಜನವರಿ ದಾಟಲ್ಲ, ಬರೆದಿಟ್ಕೊ."

'ನೋಡೋಣ' ಎಂಬ ಮಾತು ಮೈಸಿಯ ಬಾಯಿಗೆ ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ. ಭಾನುವಾರ ಬೆಳಿಗ್ಗೆ ಗೋಡೆಗೆ ಅಂಗೈ ಇಟ್ಟು ನೋಡಿದಳು, ತಣ್ಣಗಿತ್ತು. ಹಿಂದೆಯೂ ಎಷ್ಟೋ ಸಲ ಮುಟ್ಟಿದ್ದಳು. ಬಿಸಿಲಿದ್ದಾಗ ಬೆಚ್ಚಗಿರುತ್ತಿತ್ತು, ಇಲ್ಲದಾಗ ಹೀಗೇ ತಣ್ಣಗಿರುತ್ತಿತ್ತು. ಮೂರಡಿ ದಪ್ಪದ ಕಲ್ಲು, ಕಾವು ಒಳಗೊಳಗೇ ಇರುತ್ತದೆ ಎಂದುಕೊಂಡಿದ್ದಳು. ಊರೆಲ್ಲ ಒಂದೇ ಮಾತು ಹೇಳುವಾಗ ತನ್ನ ಅಂಗೈಯನ್ನು ನಂಬುವವರು ಯಾರು?

ಮುಂದಿನ ಶನಿವಾರ ಸಲಿಕೆ ತಂದಳು. ಬುಡದಿಂದ ಎರಡಡಿ ಬಿಟ್ಟು ಸುತ್ತ ಅಗೆಯಲು ಹೊರಟಳು. ಹೆಬ್ಬೆರಳು ಗಾತ್ರದ ಬೇರೊಂದು ತುಂಡಾಗಿ ಬಿಳಿ ಹಾಲು ಸುರಿಯಿತು. ಇನ್ನೊಂದು ಏಟು ಹಾಕಲು ಕೈ ಏಳಲಿಲ್ಲ.

ಅಷ್ಟರಲ್ಲಿ ಕಟ್ಟಡ ಕೊಂಡ ಫರ್ಗಸ್ ಬೇಲಿಯಾಚೆಯಿಂದ ಕರೆದ. ದೋಣಿ ರಿಪೇರಿ ಮಾಡುವವನು, ಪಕ್ಕದ ಊರಿನವನು.

"ಮಿಸೆಸ್ ಡಾರ್ವರ್ಡ್, ನಿಮ್ಮ ಕಡೆ ಗೋಡೆಗೆ ಒಂದು ಕಿಟಕಿ ಇಡಬೇಕು ಅಂತಿದೀನಿ. ಬಳ್ಳಿಗೆ ತೊಂದರೆ ಆಗತ್ತಾ ಅಂತ ಒಳಗೆ ಬಂದು ಹೇಳ್ತೀರಾ?"

ಬೀಟಿ ತನ್ನ ಹೊಗೆಯ ಹದದ ಗುಟ್ಟು ಕಾಯಲು ಯಾರನ್ನೂ ಆ ಹೊಸ್ತಿಲು ದಾಟಿಸಿದವನಲ್ಲ. ಹೆಂಡತಿಗೂ ಬಾಗಿಲವರೆಗೇ ದಾರಿ. ಮೈಸಿ ಸಲಿಕೆ ಹಿಡಿದೇ ಒಳಗೆ ಹೋದಳು. ಬೆಂಕಿಯ ಗುಂಡಿ ಎದುರಿಗೇ ಇತ್ತು, ಇಟ್ಟಿಗೆಯೆಲ್ಲ ಕರ್ರಗೆ. ಆದರೆ ಅದು ಇದ್ದದ್ದು ಕಡಲಿನ ಕಡೆಯ ತುದಿಯಲ್ಲಿ. ಅವಳು ತನ್ನ ಗೋಡೆಯತ್ತ ನಡೆದಳು. ಅಲ್ಲಿ ತಗಡು ಬಡಿದ ದಪ್ಪ ಬಾಗಿಲೊಂದಿತ್ತು. ಫರ್ಗಸ್ ಅಗುಳಿ ಎಳೆದ.

"ಇದು ಮೀನು ಕೆಡದ ಹಾಗೆ ಇಡೋ ಐಸ್ ಕೋಣೆ. ನಿಮ್ಮ ಬಳ್ಳಿ ಸರಿಯಾಗಿ ಇದರ ಬೆನ್ನಿಗೇ ಇರೋದಲ್ವಾ?"

ನೆಲದ ಸಿಮೆಂಟಿನಲ್ಲಿ, ಹಸಿ ಇರುವಾಗ ಮೊಳೆಯಿಂದ ಗೀಚಿದ ಇಸವಿ. ಹನ್ನೊಂದು ವರ್ಷದ ಹಿಂದಿನದು. ಆ ಬೇಸಿಗೆ ಬೀಟಿಯ ಚಾವಣಿ ಹೊತ್ತಿಕೊಂಡು ಉರಿದದ್ದು, ಅವನು ಟಾರ್ಪಾಲಿನ ಮರೆಯಲ್ಲಿ ಒಳಗೆಲ್ಲ ತಾನೊಬ್ಬನೇ ಹೊಸದಾಗಿ ಕಟ್ಟಿದ್ದು ಊರಿಗೆಲ್ಲ ಗೊತ್ತು. ಬೆಂಕಿಯನ್ನು ಆ ತುದಿಗೆ ಸಾಗಿಸಿದ್ದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮೈಸಿ ನೆಟ್ಟಗೆ ಬೀಟಿಯ ಅಡುಗೆಮನೆಗೆ ನುಗ್ಗಿದಳು. ಅವನು ಓಟ್ಸ್ ಹಿಟ್ಟಿನಲ್ಲಿ ಹೊರಳಿಸಿ ಹುರಿದ ಮೀನು ತಿನ್ನುತ್ತಿದ್ದ.

"ನನ್ನ ಬಳ್ಳಿ ಬೆನ್ನಿಗೆ ಏನಿತ್ತು, ಟ್ಯಾಮ್?"

ಅವನು ಸಲಿಕೆ ನೋಡಿದ. "ಕೂತ್ಕೊ ಮೈಸಿ."

"ನಿಂತೇ ಕೇಳಿಸ್ಕೋತೀನಿ."

"ಐಸು," ಎಂದ ಬೀಟಿ. "ಹೇಳ್ಬೇಕು ಅಂತಲೇ ಇದ್ದೆ. ಆ ವರ್ಷ ಅದು ಹೇಗೂ ಸಾಯತ್ತೆ, ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಅದು ಸಾಯಲೇ ಇಲ್ಲ."

"ಹನ್ನೊಂದು ಬಾಟಲಿ ವಿಸ್ಕಿ ಕುಡಿದ್ಯಲ್ಲೋ."

"ಚೆನ್ನಾಗಿತ್ತು."

"ಮತ್ತೆ ಕಿತ್ತುಹಾಕು ಅಂತ ಯಾಕೆ ಹೇಳ್ದೆ? ನಿನ್ನ ಮಾತು ನಂಬಿ ಇವತ್ತು ಬೇರಿಗೆ ಸಲಿಕೆ ಹಾಕಿದೀನಿ."

ಬೀಟಿ ಫೋರ್ಕು ಕೆಳಗಿಟ್ಟ. "ಬೆಂಕಿ ಆರಿದ ಮೇಲೂ ಅದು ಬದುಕಿದ್ರೆ ಊರು ನಗಲ್ವಾ? ಐವತ್ತು ವರ್ಷ ನನ್ನ ಮೀನು ತಿಂದೋರು ಒಬ್ಬರಾದ್ರೂ ಬಾಯಿ ತುಂಬ ಚೆನ್ನಾಗಿದೆ ಅಂದಿದಾರಾ? ಆ ಹೂವು ಮೂಸಿದೋರೆಲ್ಲ ನನ್ನ ಹೆಸರು ಹೇಳ್ತಿದ್ರು."

ಒಂದು ಕ್ಷಣ ಅವಳಿಗೆ ಅವನ ಮೇಲೆ ಕನಿಕರ ಬಂತು, ಸುಳ್ಳು ಹೇಳಬಾರದು. ಅದನ್ನು ಅಲ್ಲೇ ನುಂಗಿಕೊಂಡಳು.

"ಹೊಗಳಿಕೆ ಬೇಕಿದ್ರೆ ಕೇಳಬೇಕಿತ್ತು. ನನ್ನ ಬಳ್ಳಿ ಕೊಲ್ಲಿಸೋಕೆ ಬರಬೇಡ."

ಮನೆಗೆ ಬಂದು ಅಗೆದ ಮಣ್ಣು ಮುಚ್ಚಿದಳು, ಬಲೆ ಬಿಗಿದಳು. ಐಸಿನ ವಿಷಯ ಯಾರಿಗೂ ಹೇಳಲಿಲ್ಲ. ಹೂ ಬಿಡುವವರೆಗೆ ಬಾಯಿಬಿಡಬಾರದು ಎಂದು ತೀರ್ಮಾನಿಸಿದ್ದಳು. ಬೇರಿಗೆ ಬಿದ್ದ ಏಟು ಅವಳ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ಆ ಚಳಿಗಾಲ ಬಂದರಿನ ಅಂಚಿನ ನೀರು ಗಡ್ಡೆಕಟ್ಟಿತು. ಚಳಿಗೆ ಆ ಬಳ್ಳಿಯ ಎಲೆ ಪ್ರತಿವರ್ಷವೂ ಕೆಂಪಾಗುತ್ತದೆ, ಈ ಸಲ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಬೀಟಿಯ ಬೆಂಕಿ ಹೋಯಿತು, ಬಳ್ಳಿಯೂ ಹೋಯಿತು ಎಂದು ಬಸ್ಸಿನಲ್ಲಿ ಅವಳ ಬೆನ್ನ ಹಿಂದೆಯೇ ಮಾತಾಡಿಕೊಂಡರು. ಬಂದವರೆಲ್ಲ ಜೀವ ಇದೆಯೇ ಎಂದು ಕಾಂಡದ ಸಿಪ್ಪೆಗೆ ಉಗುರು ಹಾಕಿ ಕೆರೆಯುತ್ತಿದ್ದರು. ಮೈಸಿ ಒಂದು ಹಲಗೆ ನೇತುಹಾಕಿದಳು: 'ಉಗುರು ನಿಮ್ಮ ಜೇಬಿನಲ್ಲಿರಲಿ.' ಮಾರ್ಚಿನಲ್ಲಿ ಸಲಿಕೆಯ ಏಟು ಬಿದ್ದ ಕಡೆಯ ಎಲೆಗಳೆಲ್ಲ ಉದುರಿದವು. ಅಂದು ಮಾತ್ರ ಅವಳೇ, ಯಾರೂ ಇಲ್ಲದ್ದನ್ನು ನೋಡಿಕೊಂಡು, ಆ ಕಡೆಯ ಕೊಂಬೆಯೊಂದಕ್ಕೆ ಉಗುರು ಹಾಕಿದಳು. ಹಾಲು ಜಿನುಗಿತು. ಅಲ್ಲೇ ಮಂಡಿಯೂರಿ ಕೂತು ಅತ್ತಳು.

ಆಗಸ್ಟಿನ ಮೊದಲ ಶನಿವಾರ ಸಭಾಭವನದ ಮೇಜಿನ ಮೇಲೆ ಅವಳ ಹೂಗೊಂಚಲು ಇತ್ತು. ಹಿಂದಿನ ವರ್ಷಗಳಿಗಿಂತ ಚಿಕ್ಕದು. ಪರಿಮಳ ಮಾತ್ರ ಚಹಾ ಕಾಯಿಸುವ ಮೂಲೆಯವರೆಗೆ ಹಬ್ಬಿತ್ತು. ಚೀಟಿಯ ಸುತ್ತ ಜನ ನೆರೆದರು. 'ಬಳ್ಳಿ: ಮೈಸಿ ಡಾರ್ವರ್ಡ್. ಬಿಸಿ: ಯಾರದೂ ಅಲ್ಲ. ಹನ್ನೊಂದು ವರ್ಷ ಬೆನ್ನಿಗೆ ಐಸು ಇತ್ತು.'

"ಇದೇನೋ ಟ್ಯಾಮ್, ಐಸು ಅಂತ ಬರೆದಿದಾಳೆ?" ಎಂದು ಯಾರೋ ಕೇಳಿದರು.

ಬೀಟಿ ಊರುಗೋಲಿಗೆ ಭಾರ ಕೊಟ್ಟು ಆ ಹೂಗಳನ್ನೇ ನೋಡುತ್ತಿದ್ದ. "ಸರಿಯಾಗೇ ಬರೆದಿದಾಳೆ," ಎಂದ, ಗಡ್ಡದೊಳಗೇ.

"ಜೋರಾಗಿ ಹೇಳು ಟ್ಯಾಮ್," ಎಂದಳು ಮೈಸಿ. "ಹಿಂದೆ ನಿಂತಿರೋರಿಗೂ ಕೇಳಲಿ."

ಅವನು ಗಂಟಲು ಸರಿಮಾಡಿಕೊಂಡು ಜೋರಾಗಿ ಹೇಳಿದ.