ಈರುಳ್ಳಿ ಸುಬೇದಾರ

“ಅವ್ವಾ, ಈರುಳ್ಳಿ ಹೆಚ್ಚಿದ್ರೂ ಪದಕ ಕೊಡ್ತಾರಾ?” ಎಂದು ಮಗಳು ಕೇಳಿದಾಗ ಕಾಮಾಕ್ಷಮ್ಮ ಪಕ್ಕದ ಮನೆಯ ಬೆಟ್ಟಯ್ಯನ ಪಟಾಲಮ್ಮಿನ ಕೋಟಿಗೆ ತೇಪೆ ಹಾಕುತ್ತಿದ್ದಳು, ಮಗುವಿನ ಕೈಯಲ್ಲಿದ್ದದ್ದು ಆ ಕೋಟಿನ ಜೇಬಿನಲ್ಲಿ ಸಿಕ್ಕ ಬೆಳ್ಳಿಯ ಬಿಲ್ಲೆ. ಬರ್ಮಾ ಯುದ್ಧದಿಂದ ಹೋದ ವರ್ಷ ಮರಳಿದ ಬೆಟ್ಟಯ್ಯ ಬೆಸಗರಹಳ್ಳಿಗೆಲ್ಲ ಈರುಳ್ಳಿ ಸುಬೇದಾರ. “ಎಷ್ಟು ಜನ್ರ ಒಡ್ದೆ ಲಾ?” ಎಂದು ಯಾರು ಕೇಳಿದರೂ “ಒಡೀನಿಲ್ಲ, ಮೂಟೆಗಟ್ಲೆ ಈರುಳ್ಳಿ ಎಚ್ದೆ ಕಣ್ಲಾ” ಎಂದು, ನಗುವವರ ಜೊತೆ ತಾನೂ ನಗುತ್ತಾನೆ. ದಂಡಿನ ಅಡುಗೆಮನೆಯಲ್ಲಿದ್ದೇನೆಂದು ಅವನು ಹೇಳಿ ಕಳುಹಿಸಿದ್ದನ್ನು ನಂಬಿ ತಾಯಿ ಬೀರಮ್ಮ ಯುದ್ಧ ಮುಗಿಯುವವರೆಗೂ ನೆಮ್ಮದಿಯಾಗಿ ಮುದ್ದೆ ಉಂಡಳು. “ನನ್ ಮಗ ಗುಂಡಿನ್ ತಾವ್ಕೇ ಓಗ್ನಿಲ್ಲ ಕಣಮ್ಮ” ಎಂದು ಈಗಲೂ ಬಾವಿಕಟ್ಟೆಯಲ್ಲಿ ಹೇಳುತ್ತಾಳೆ. ಆದರೆ ಮೊನ್ನೆ ಕಾಮಾಕ್ಷಮ್ಮನ ಮನೆಯ ನಾಮಕರಣದಲ್ಲಿ ಈಳಿಗೆಮಣೆ ಕೊಟ್ಟು ಕೂರಿಸಿದಾಗ, ಸುಬೇದಾರ ಈರುಳ್ಳಿಯನ್ನು ಸಿಪ್ಪೆ ಸಮೇತ ತೆಂಗಿನಕಾಯಿಯಂತೆ ಎರಡು ಹೋಳು ಮಾಡಿಟ್ಟು ಎದ್ದುಹೋಗಿದ್ದ. ಕೋಟಿನ ಭುಜದಲ್ಲೂ ಮುಂದೊಂದು ಹಿಂದೊಂದು ತೂತಿತ್ತು. ಒಲೆಯ ಕಿಡಿ ಹಾರಿದ್ದು ಎಂದಿದ್ದ. ಕೋಟು ಒಯ್ಯಲು ಬಂದವನ ಮುಂದೆ ಕಾಮಾಕ್ಷಮ್ಮ ಬಿಲ್ಲೆ ಹಿಡಿದು, ಮಗಳು ಕೇಳಿದ್ದನ್ನೇ ಕೇಳಿದಳು. “ಗುಂಡು ಬೀಳ್ತಿದ್ದಾಗ ಗಾಯ ಆದ ಮೂವರ್ನ ಒತ್ಕೊಂಡ್ ಬಂದೆ ಕಣಕ್ಕ, ಅದಕ್ ಕೊಟ್ರು” ಎಂದ, ಸಂತೆಯಿಂದ ಬೆಲ್ಲ ಹೊತ್ತು ತಂದವನಂತೆ. ಆಮೇಲೆ ದನಿ ತಗ್ಗಿಸಿದ: “ಇದ ನಿನ್ ಅಕ್ಕಿ ಮಡಕೇಲೇ ಮಡ್ಗಿರಕ್ಕ. ನಂಗ್ ಬಿದ್ದ ಗುಂಡು ಈಗ ಅವ್ವಂಗ್ ತಗುಲೋದ್ ಬ್ಯಾಡ. ಮಗೀಗೂ ಊಂ ಅನ್ನು, ಈರುಳ್ಳಿಗೇ ಕೊಟ್ಟವ್ರೆ ಅನ್ನು.”